ಆರ್‌ಎಕ್ಸ್ 100, ಆರ್‌ಡಿ 350, ಸಿಡಿ 100: ಬೆಂಗಳೂರಿಗೆ ಯಾವ ಹಳೆ ಗಾಡಿ, ಎಷ್ಟು ಬದಲಾವಣೆ?

ಹಳೆ ಜಪಾನಿ ಬೈಕ್ ರಿಪೇರಿ ಮಾಡಿ ಮತ್ತೆ ಎಬ್ಬಿಸಬೇಕು, ಯಾವುದು ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು ದುಡ್ಡಿನ ವಿಷಯ ಕೇಳುವುದಿಲ್ಲ. ದಿನಾ ಎಲ್ಲಿಂದ ಎಲ್ಲಿಗೆ ಓಡಿಸುತ್ತೀರಿ ಅಂತ ಕೇಳುತ್ತೇನೆ. ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಸುತ್ತ ಒಂದು ಸುತ್ತು ಹಾಕಿ ಕಾಫಿ ಕುಡಿದು ಬರುವುದಕ್ಕೆ ಒಂದು ಥರದ ಗಾಡಿ ಸಾಕು. ದಿನಾ ಸಿಲ್ಕ್ ಬೋರ್ಡ್ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದಕ್ಕೆ ಬೇರೆಯೇ ಗಾಡಿ ಬೇಕು.

ನನ್ನದು 1988ರ ಯಮಹಾ ಆರ್‌ಎಕ್ಸ್ 100. ಚಿಕ್ಕಪ್ಪನ ಗಾಡಿ. ಹನುಮಂತನಗರದ ಮನೆಯ ಮೆಟ್ಟಿಲ ಕೆಳಗೆ ಹನ್ನೊಂದು ವರ್ಷ ಸುಮ್ಮನೆ ನಿಂತಿತ್ತು. ‘ನೀನು ಓಡಿಸೋದಾದ್ರೆ ತಗೊಂಡ್ಹೋಗೋ, ಗುಜರಿಗೆ ಮಾತ್ರ ಹಾಕಬೇಡ’ ಅಂತ ಕೊಟ್ಟರು. ಅದರ ಎಂಜಿನ್ ಎರಡು ಸಲ ಬಿಚ್ಚಿಸಿದ್ದೇನೆ. ಆಮೇಲೆ ಗೆಳೆಯರ ಒಂದು ಆರ್‌ಡಿ 350, ಒಂದು ಸಿಡಿ 100 ಎಬ್ಬಿಸುವಾಗ ಜೊತೆಗೆ ನಿಂತು ಕೆಲಸ ಮಾಡಿದ್ದೇನೆ. ಮೂರನ್ನೂ ಇದೇ ಊರಿನ ಟ್ರಾಫಿಕ್‌ನಲ್ಲಿ ಓಡಿಸಿದ್ದೇನೆ. ವಿಲ್ಸನ್ ಗಾರ್ಡನ್‌ನಲ್ಲಿ ನನ್ನ ಗಾಡಿ ನೋಡುವ ಮೇಸ್ತ್ರಿ ಮೊದಲ ದಿನವೇ ಒಂದು ಮಾತು ಹೇಳಿದ್ದರು: ‘ಸಾರ್, ಇದನ್ನ ಓಡ್ಸೋದು ಕಷ್ಟ ಅಲ್ಲ, ನಿಲ್ಸೋದು ಕಷ್ಟ.’ ಮುಂದೆ ಬರೆದಿರುವ ಹೆಚ್ಚಿನದಕ್ಕೆ ಆ ಮಾತೇ ಬೇರು.

ಮೂರು ಗಾಡಿ, ಮೂರು ಸ್ವಭಾವ

1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಹಾದ ಆರ್‌ಡಿ 350ಯನ್ನು ‘ರಾಜದೂತ್ 350’ ಅಂತ ಇಲ್ಲಿ ತಯಾರಿಸಲು ಶುರು ಮಾಡಿತು. 1984ರಲ್ಲಿ ನಮ್ಮ ಪಕ್ಕದ ಹೊಸೂರಿನಿಂದ ಇಂಡ್-ಸುಜುಕಿ ಎಎಕ್ಸ್ 100 ಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100, ಅದೇ ವರ್ಷದ ಕೊನೆಗೆ ಯಮಹಾ ಆರ್‌ಎಕ್ಸ್ 100. ಆಮೇಲೆ ಕವಾಸಕಿ ಬಜಾಜ್ ಕೆಬಿ 100. ಸುಜುಕಿ, ಕವಾಸಕಿಗಳ ಮೇಲೂ ನನಗೆ ಪ್ರೀತಿ ಇದೆ. ಆದರೆ ಬಿಡಿಭಾಗ ಹುಡುಕುವ ಕಷ್ಟ ನೋಡಿದರೆ ಮೊದಲ ಸಲ ಕೈ ಹಾಕುವವರಿಗೆ ಅವುಗಳನ್ನು ಹೇಳುವುದಿಲ್ಲ. ಮನೆಯಲ್ಲೇ ಒಂದು ಇದ್ದರೆ ಬೇರೆ ಮಾತು.

ಆರ್‌ಎಕ್ಸ್ 100 ಎಂದರೆ 98 ಸಿಸಿಯ ಟೂ ಸ್ಟ್ರೋಕ್, ಅಂದರೆ ಪೆಟ್ರೋಲ್ ಜೊತೆ ಎಣ್ಣೆಯೂ ಉರಿಯುವ ಎಂಜಿನ್. ಬೋರ್ (ಸಿಲಿಂಡರ್‌ನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) ಕೂಡ 50 ಮಿ.ಮೀ. ಸುಮಾರು 11 ಕುದುರೆ ಶಕ್ತಿ, ತೂಕ ನೂರು ಕೆಜಿಯ ಆಸುಪಾಸು. ಈ ಎರಡು ಅಂಕಿಯಲ್ಲೇ ಅದರ ಗುಟ್ಟಿದೆ. ಶಕ್ತಿ ಜಾಸ್ತಿ ಅಲ್ಲ, ತೂಕ ಕಮ್ಮಿ. ಬಸವನಗುಡಿಯ ಸಣ್ಣ ಅಡ್ಡರಸ್ತೆಯಲ್ಲಿ ಒಂದೇ ಕೈಯಲ್ಲಿ ತಿರುಗಿಸಬಹುದು. ಸಿಗ್ನಲ್ ಬಿಟ್ಟ ಕೂಡಲೇ ಈಗಿನ ಗಾಡಿಗಳ ಜೊತೆಗೇ ಹೊರಡುತ್ತದೆ. ಬಿಡಿಭಾಗ ಜೆ.ಸಿ. ರಸ್ತೆಯಲ್ಲಿ ಇವತ್ತಿಗೂ ಸಿಗುತ್ತವೆ. ಅಸಲಿ ಯಾವುದು, ನಕಲಿ ಯಾವುದು ಅಂತ ಗುರುತಿಸುವುದು ಮಾತ್ರ ನಮ್ಮ ಕೆಲಸ. ಕೊರತೆ ಅಂದರೆ ಮುಂದಿನ ಸಣ್ಣ ಡ್ರಮ್ ಬ್ರೇಕ್ ಮತ್ತು ಸಣಕಲು ಟೈರ್. ಮುಂದೆ 2.50-18, ಹಿಂದೆ 2.75-18. ಜೊತೆಗೆ ಟೂ ಸ್ಟ್ರೋಕ್‌ನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಹಿಡಿದು ನಿಲ್ಲಿಸುವುದು ತೀರ ಕಮ್ಮಿ. ಎಲ್ಲ ಭಾರವೂ ಬ್ರೇಕ್ ಮೇಲೇ ಬೀಳುತ್ತದೆ.

ಆರ್‌ಡಿ 350 ಬೇರೆಯೇ ಜಾತಿ. 347 ಸಿಸಿ, ಎರಡು ಸಿಲಿಂಡರ್, ಎರಡು ಕಾರ್ಬುರೇಟರ್, ಆರು ಗೇರ್. ಜಪಾನ್‌ನಲ್ಲಿ ಇದೇ ಗಾಡಿಗೆ 39 ಕುದುರೆ ಶಕ್ತಿ ಇತ್ತು. ಇಲ್ಲಿ ಮೈಲೇಜ್‌ಗಾಗಿ ಅದನ್ನು ತಗ್ಗಿಸಿದರು. ಮೊದಲು ಬಂದ ‘ಹೈ ಟಾರ್ಕ್’ ಮಾದರಿಗೆ 30.5, ಆಮೇಲೆ ಬಂದ ‘ಲೋ ಟಾರ್ಕ್’ ಮಾದರಿಗೆ 27. ಜಪಾನ್‌ನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕ್ ಇತ್ತು, ಇಲ್ಲಿನದಕ್ಕೆ ಡ್ರಮ್ ಹಾಕಿದರು. ಅಷ್ಟು ಓಡುವ ಗಾಡಿಗೆ ಡ್ರಮ್ ಯಾಕೆ ಅಂತ ಅವತ್ತಿನಿಂದಲೂ ಓಡಿಸುವವರು ಕೇಳುತ್ತಲೇ ಇದ್ದಾರೆ. 1980ರ ದಶಕ ಮುಗಿಯುವ ಹೊತ್ತಿಗೆ ತಯಾರಿಕೆ ನಿಂತಿತು. ಗೇರು ಎರಡರಲ್ಲಿ ಅದು ಎದ್ದು ಹೊರಡುವ ಬಗೆ ಒಮ್ಮೆ ಅನುಭವಿಸಿದರೆ ಮರೆಯುವುದಿಲ್ಲ. ಆದರೆ ದಿನಾ ಟ್ರಾಫಿಕ್‌ನಲ್ಲಿ ಓಡಿಸುವ ಗಾಡಿ ಅದಲ್ಲ. ಸಿಗ್ನಲ್‌ನಲ್ಲಿ ಮೂರು ನಿಮಿಷ ನಿಂತರೆ ಕಿಡಿ ಹಾರಿಸುವ ಪ್ಲಗ್‌ಗೆ ಎಣ್ಣೆ ಹಿಡಿಯುತ್ತದೆ, ಒಂದು ಸಿಲಿಂಡರ್ ಮುನಿಸಿಕೊಳ್ಳುತ್ತದೆ. ಎಂಜಿನ್ ಕೆಲಸದ ಖರ್ಚೆಲ್ಲ ಎರಡರಷ್ಟು, ಯಾಕೆಂದರೆ ಪಿಸ್ಟನ್, ಬ್ಲಾಕ್ (ಪಿಸ್ಟನ್ ಓಡಾಡುವ ಸಿಲಿಂಡರ್), ಕಾರ್ಬುರೇಟರ್ ಎಲ್ಲವೂ ಎರಡೆರಡು.

ಸಿಡಿ 100 ಬಗ್ಗೆ ಜನ ಇಷ್ಟು ಮಾತಾಡುವುದಿಲ್ಲ. 97.2 ಸಿಸಿ, ಫೋರ್ ಸ್ಟ್ರೋಕ್. ಅದೇ ಎಂಜಿನ್ ವಂಶ 1994ರಲ್ಲಿ ಬಂದ ಸ್ಪ್ಲೆಂಡರ್‌ನಲ್ಲಿ ಮುಂದುವರಿಯಿತು. ಹಾಗಾಗಿ ಊರಿನ ಯಾವ ಮೂಲೆಯ ಮೆಕ್ಯಾನಿಕ್‌ಗಾದರೂ ಇದರ ಎಂಜಿನ್ ಕೈಗೆ ಗೊತ್ತು. ಎಣ್ಣೆ ಬೆರೆಸುವ ರಗಳೆ ಇಲ್ಲ, ಹೊಗೆ ಇಲ್ಲ, ಮೈಲೇಜ್ ಟೂ ಸ್ಟ್ರೋಕ್ ಕನಸಿನಲ್ಲೂ ಕೊಡದಷ್ಟು. ದಿನಾ ಆಫೀಸಿಗೆ ಹಳೆ ಗಾಡಿಯಲ್ಲೇ ಹೋಗಬೇಕು, ವರ್ಷಕ್ಕೆ ಒಂದು ಸಲ ಮಾತ್ರ ಗ್ಯಾರೇಜ್ ಕಡೆ ಮುಖ ಹಾಕಬೇಕು ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಹೆದ್ದಾರಿಯಲ್ಲಿ ಮಾತ್ರ ಲಾರಿ ದಾಟಿ ಮುಂದೆ ಹೋಗುವಷ್ಟು ದಮ್ಮು ಇಲ್ಲ.

ಇನ್ನೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. 1999ರ ಹೀರೋ ಹೋಂಡಾ ಸಿಬಿಝಡ್. 156.8 ಸಿಸಿ, ಮುಂದೆ ಕಂಪನಿಯೇ ಕೊಟ್ಟ ಡಿಸ್ಕ್ ಬ್ರೇಕ್. ಇದನ್ನು ‘ಕ್ಲಾಸಿಕ್’ ಅನ್ನಲು ಕೆಲವರು ಒಪ್ಪುವುದಿಲ್ಲ. ಇಪ್ಪತ್ತೈದು ವರ್ಷ ದಾಟಿದೆ, ನನ್ನ ಲೆಕ್ಕದಲ್ಲಿ ಒಪ್ಪಬಹುದು. ಬ್ರೇಕ್ ಬದಲಾಯಿಸುವ ತಲೆನೋವೇ ಬೇಡ ಅನ್ನುವವರು ಇದನ್ನು ನೋಡಬೇಕು.

ಎಂಜಿನ್‌ಗೆ ಮೊದಲು ಕಾಗದ

ಗಾಡಿ ನೋಡಲು ಹೋದಾಗ ಕಿಕ್ ಹೊಡೆಯುವ ಮೊದಲು ಆರ್‌ಸಿ ಕೇಳಿ. ಚಾಸಿಸ್ ನಂಬರ್, ಎಂಜಿನ್ ನಂಬರ್ ಎರಡನ್ನೂ ಬಟ್ಟೆಯಿಂದ ಒರೆಸಿ, ಟಾರ್ಚ್ ಹಾಕಿ, ಆರ್‌ಸಿಯ ಜೊತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ. ಆರ್‌ಎಕ್ಸ್ 100ಕ್ಕೆ ಈಗಿರುವ ಬೇಡಿಕೆಯಿಂದ ಯಮಹಾದ್ದೇ ನಂತರದ ಆರ್‌ಎಕ್ಸ್‌ಜಿ, ಆರ್‌ಎಕ್ಸ್ 135 ಗಾಡಿಗಳಿಗೆ ಹಳೆ ಟ್ಯಾಂಕ್, ಹಳೆ ಸ್ಟಿಕ್ಕರ್ ಹಾಕಿ ಮಾರುವವರಿದ್ದಾರೆ. ನಂಬರ್ ಕೆತ್ತಿರುವ ಜಾಗದಲ್ಲಿ ಗ್ರೈಂಡಿಂಗ್ ಗುರುತು, ಹೊಸ ಬಣ್ಣ, ಸಾಲು ತಪ್ಪಿದ ಅಕ್ಷರ ಕಂಡರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ಎಷ್ಟೇ ಚೆನ್ನಾಗಿ ಓಡಿದರೂ ಬೇಡ.

15 ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹಸಿರು ತೆರಿಗೆಯೂ ಇರುತ್ತದೆ. ನನ್ನ ಗಾಡಿಯದು ಕೆಎ ಸರಣಿ ಬರುವ ಮುಂಚಿನ ಮೂರಕ್ಷರದ ನಂಬರ್. ಇಂಥ ಗಾಡಿಗಳ ವಿವರ ಎಷ್ಟೋ ಸಲ ಕಂಪ್ಯೂಟರ್‌ಗೆ ಹತ್ತಿರುವುದೇ ಇಲ್ಲ. ಮೊದಲು ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿಕೊಳ್ಳಬೇಕು. ಅದಾದ ಮೇಲೇ ನವೀಕರಣ, ವಿಮೆ, ಎಚ್‌ಎಸ್‌ಆರ್‌ಪಿ ಪ್ಲೇಟ್ ಎಲ್ಲ.

2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಇವಕ್ಕೂ ಅನ್ವಯ ಆಗುತ್ತಾ ಅಂತ ತುಂಬಾ ಜನ ಕೇಳುತ್ತಾರೆ. ಆಗುವುದಿಲ್ಲ. ಅದು 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ. ಅಂಥ ಗಾಡಿಯನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವ ಹಾಗೂ ಇಲ್ಲ.

ಎಷ್ಟು ಬದಲಾಯಿಸಬೇಕು?

ಇಲ್ಲಿ ಮೂರು ದಾರಿ ಇವೆ. ಒಂದು, ಕಂಪನಿಯಿಂದ ಹೊರಬಂದ ದಿನ ಹೇಗಿತ್ತೋ ಹಾಗೇ ಮಾಡುವುದು. ಎರಡು, ನೋಡಲು ಹಳೆಯದೇ, ಆದರೆ ಕಣ್ಣಿಗೆ ಬೀಳದ ಕಡೆ ಈಗಿನ ವಸ್ತು ಹಾಕುವುದು. ಮೂರು, ಚಾಸಿಸ್ ಕತ್ತರಿಸಿ ಕೆಫೆ ರೇಸರ್ (ರೇಸ್ ಬೈಕಿನ ರೂಪದ ಗಾಡಿ) ಥರ ಏನೋ ಒಂದು ಕಟ್ಟುವುದು.

ಮೂರನೆಯದನ್ನು ನಾನು ಬೇಡ ಅನ್ನುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಆದಮೇಲೆ ಇಂಥ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಂತ ಕಾಯ್ದೆಯಲ್ಲೇ ಇದೆ. ಸದ್ದು ಮಾಡುವ ಸೈಲೆನ್ಸರ್‌ಗೆ ಬೇರೆ ಸೆಕ್ಷನ್. ಕಾನೂನು ಹಾಗಿರಲಿ. ಈ ಗಾಡಿಗಳು ಇನ್ನು ತಯಾರಾಗುವುದಿಲ್ಲ. ಕತ್ತರಿಸಿದ ಚಾಸಿಸ್ ಮತ್ತೆ ಕೂಡುವುದಿಲ್ಲ, ಅಲ್ವಾ?

ಮೊದಲನೆಯ ದಾರಿ ಗೌರವದ್ದು. ತೋರಿಸಲು, ಭಾನುವಾರ ಓಡಿಸಲು, ಮುಂದಿನವರಿಗೆ ಉಳಿಸಲು ಸರಿ. ಆರ್‌ಡಿ ನಿಮ್ಮ ಕೈಗೆ ಸಿಕ್ಕಿದ್ದರೆ, ಅದರಲ್ಲೂ ಹೈ ಟಾರ್ಕ್ ಆಗಿದ್ದರೆ, ಇದೇ ದಾರಿ ಹಿಡಿಯಿರಿ ಅಂತ ಕೇಳಿಕೊಳ್ಳುತ್ತೇನೆ.

ದಿನಾ ಓಡಿಸುವ ಆರ್‌ಎಕ್ಸ್‌ಗೆ, ಸಿಡಿ 100ಕ್ಕೆ ನನ್ನ ಆಯ್ಕೆ ಎರಡನೆಯ ದಾರಿ. ಅದಕ್ಕೆ ನಾನು ಹಾಕಿಕೊಂಡಿರುವ ಅಳತೆ ಇಷ್ಟೇ: ಯಾವ ಬದಲಾವಣೆಯನ್ನೂ ಒಂದು ಮಧ್ಯಾಹ್ನದಲ್ಲಿ ಸ್ಪ್ಯಾನರ್ ಹಿಡಿದು ವಾಪಸ್ ಮೊದಲಿನಂತೆ ಮಾಡಲು ಬರಬೇಕು. ವೆಲ್ಡಿಂಗ್ ಬೇಕು ಅಂದರೆ ಬೇಡ. ಗರಗಸ ಬೇಕು ಅಂದರೆ ಬೇಡ. ತೆಗೆದ ಒಂದೊಂದು ಭಾಗವನ್ನೂ ಎಣ್ಣೆ ಸವರಿ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿಡಬೇಕು. ನನ್ನ ಮಂಚದ ಕೆಳಗೆ ಅಂಥ ಎರಡು ಪೆಟ್ಟಿಗೆ ಇವೆ.

ನಿಲ್ಲಿಸುವುದು: ಡ್ರಮ್ಮೋ, ಡಿಸ್ಕೋ?

2019ರ ಏಪ್ರಿಲ್‌ನಿಂದ ಹೊಸದಾಗಿ ಮಾರುವ 125 ಸಿಸಿ ಮೇಲಿನ ಗಾಡಿಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಬೇಕೇ ಬೇಕು. ಅದಕ್ಕಿಂತ ಚಿಕ್ಕವಕ್ಕೆ ಎರಡೂ ಚಕ್ರ ಒಟ್ಟಿಗೆ ಹಿಡಿಯುವ ವ್ಯವಸ್ಥೆಯಾದರೂ ಇರಬೇಕು. ಅಂದರೆ ನಿಮ್ಮ ಮುಂದಿರುವ ಗಾಡಿ ಗಕ್ಕನೆ ನಿಲ್ಲುತ್ತದೆ. 1988ರ ಡ್ರಮ್ ಹಾಗೆ ನಿಲ್ಲುವುದಿಲ್ಲ. ಹಳೆ ಗಾಡಿ ಈಗಿನ ರಸ್ತೆಯಲ್ಲಿ ಓಡಿಸುವಾಗ ನಿಜವಾದ ಸಮಸ್ಯೆ ಇದು.

ತುಂಬಾ ಜನ ಯಮಹಾದ್ದೇ ನಂತರದ ಗಾಡಿಗಳ ಫೋರ್ಕ್, ಚಕ್ರ ತಂದು ಡಿಸ್ಕ್ ಹಾಕಿಸುತ್ತಾರೆ. ನಿಲ್ಲುವುದು ಚೆನ್ನಾಗುತ್ತದೆ, ಸುಳ್ಳಲ್ಲ. ಆದರೆ ಫೋರ್ಕ್‌ನ ಉದ್ದ ಸ್ವಲ್ಪ ಬದಲಾದರೂ ಗಾಡಿ ತಿರುಗುವ ಗುಣ ಬದಲಾಗುತ್ತದೆ. ಆ ಚಾಸಿಸ್‌ನ ಕತ್ತಿನ ಭಾಗ ಅಷ್ಟು ಎಳೆತಕ್ಕೆ ಲೆಕ್ಕ ಹಾಕಿ ಮಾಡಿದ್ದಲ್ಲ. ತಪಾಸಣೆಯಲ್ಲಿ ಪ್ರಶ್ನೆಯೂ ಬರುತ್ತದೆ.

ನನ್ನ ಅನುಭವದಲ್ಲಿ, ‘ಡ್ರಮ್ ಹಿಡಿಯಲ್ಲ’ ಅನ್ನುವ ಹೆಚ್ಚಿನ ಗಾಡಿಗಳಲ್ಲಿ ಡ್ರಮ್ ಅನ್ನು ಯಾರೂ ಸರಿಯಾಗಿ ರಿಪೇರಿ ಮಾಡಿರುವುದೇ ಇಲ್ಲ. ಸುಮ್ನೆ ಹೊಸ ಶೂ (ಡ್ರಮ್ ಒಳಗೆ ಒತ್ತಿ ಹಿಡಿಯುವ ತುಂಡು) ಹಾಕಿ ಕೇಬಲ್ ಬಿಗಿ ಮಾಡಿರುತ್ತಾರೆ. ಮಾಡಬೇಕಾದ್ದು ಬೇರೆ. ಚಕ್ರದ ಕಡ್ಡಿ ಬಿಗಿದು ರಿಮ್ ನೇರ ಮಾಡಿದ ಮೇಲೆ ಡ್ರಮ್ ಅನ್ನು ಲೇತ್‌ಗೆ ಕೊಟ್ಟು ಒಳಗಿನ ಅಂಡಾಕಾರ ತೆಗೆಸಿ. ಬರೆದಿರುವ ಗರಿಷ್ಠ ಅಳತೆ ದಾಟದಂತೆ ನೋಡಿಕೊಳ್ಳಿ. ಹೊಸ ಶೂಗೆ ಸೀಮೆಸುಣ್ಣ ಸವರಿ, ಚಕ್ರ ತಿರುಗಿಸಿ, ಬ್ರೇಕ್ ಹಿಡಿದು, ಎಲ್ಲಿ ತಾಗುತ್ತಿದೆ ನೋಡಿ. ತುದಿಯಲ್ಲಿ ಮಾತ್ರ ತಾಗುತ್ತಿದ್ದರೆ ಅಲ್ಲಿ ಉಜ್ಜಿ, ಪೂರ್ತಿ ಮೈ ತಾಗುವವರೆಗೆ. ಬ್ರೇಕ್ ಹಿಡಿದಾಗ ಕೇಬಲ್ ಮತ್ತು ಡ್ರಮ್‌ನ ಕೈ ನಡುವಿನ ಕೋನ ಸುಮಾರು 90 ಡಿಗ್ರಿ ಇರಬೇಕು. ಅದಕ್ಕಿಂತ ದಾಟಿದರೆ ಎಷ್ಟು ಒತ್ತಿದರೂ ಬಲ ವ್ಯರ್ಥ. ಒಳ್ಳೆ ಕೇಬಲ್ ಹಾಕಿ. ಇಷ್ಟು ಮಾಡಿದ ಮೇಲೆ ನನ್ನ ಆರ್‌ಎಕ್ಸ್ ಎರಡು ಬೆರಳಿಗೆ ಹಿಡಿಯುತ್ತದೆ. ನಗರದ ವೇಗಕ್ಕೆ ಅದು ಸಾಕು.

ಆರ್‌ಡಿಯ ಮುಂದಿನ ಡ್ರಮ್‌ನಲ್ಲಿ ಎರಡೂ ಶೂಗಳಿಗೆ ಅವನ್ನು ತಳ್ಳುವ ಬೇರೆ ಬೇರೆ ಕ್ಯಾಮ್ ಇದೆ, ನಡುವೆ ಒಂದು ಕಡ್ಡಿ. ಆ ಕಡ್ಡಿಯ ಉದ್ದ ಸರಿಹೊಂದಿಸಿ ಎರಡೂ ಶೂ ಒಂದೇ ಕ್ಷಣಕ್ಕೆ ತಾಗುವಂತೆ ಮಾಡದಿದ್ದರೆ ಅರ್ಧ ಬ್ರೇಕ್ ಮಾತ್ರ ಸಿಗುತ್ತದೆ. ಇನ್ನೊಂದು, ಈ ಥರದ ಡ್ರಮ್ ಹಿಂದಕ್ಕೆ ಜಾರುವಾಗ ಸರಿಯಾಗಿ ಹಿಡಿಯುವುದಿಲ್ಲ. ಫ್ಲೈಓವರ್ ಏರಿನಲ್ಲಿ ಟ್ರಾಫಿಕ್ ನಿಂತಾಗ ಹಿಂದಿನ ಬ್ರೇಕ್ ಮೇಲೇ ಕಾಲಿಡಿ. ಆರ್‌ಡಿಯನ್ನು ಹೆದ್ದಾರಿಯಲ್ಲಿ ಜಾಸ್ತಿ ಓಡಿಸುವವರು ಡಿಸ್ಕ್‌ಗೆ ಹೋಗುವುದನ್ನು ನಾನು ತಪ್ಪು ಅನ್ನುವುದಿಲ್ಲ. ಜಪಾನ್‌ನ ಗಾಡಿಯಲ್ಲಿ ಅದೇ ಇತ್ತಲ್ಲ. ಹಳೆ ಚಕ್ರ ಜೋಪಾನವಾಗಿಡಿ ಅಷ್ಟೇ.

ಟೈರ್ ವಿಷಯದಲ್ಲಿ ಜಿಪುಣತನ ಬೇಡ. ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿ ನೋಡಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಕಚ್ಚು ಆಳವಾಗಿದ್ದರೂ ರಬ್ಬರ್ ಗಟ್ಟಿಯಾಗಿದ್ದರೆ ಮಳೆಯಲ್ಲಿ ಜಾರುತ್ತದೆ.

ಬೆಳಕು ಮತ್ತು ಕಿಡಿ

ಹಳೆ ಗಾಡಿಯ ಹೆಡ್‌ಲೈಟ್ ಬಲ್ಬ್ ಬ್ಯಾಟರಿಯಿಂದಲ್ಲ, ಎಷ್ಟೋ ಸಲ ನೇರ ಮ್ಯಾಗ್ನೆಟ್‌ನಿಂದ (ಎಂಜಿನ್ ತಿರುಗುವಾಗ ವಿದ್ಯುತ್ ಕೊಡುವ ಭಾಗ) ಉರಿಯುತ್ತದೆ. ಸಿಗ್ನಲ್‌ನಲ್ಲಿ ನಿಂತರೆ ಮಂಕು, ಆಕ್ಸಿಲರೇಟರ್ ಕೊಟ್ಟರೆ ಪ್ರಕಾಶ. ಇದಕ್ಕೆ ಅಂಗಡಿಯಿಂದ ಎಲ್‌ಇಡಿ ಬಲ್ಬ್ ತಂದು ಸುಮ್ನೆ ಹಾಕಿದರೆ ಮಿಣುಗುತ್ತದೆ, ಬೇಗ ಸಾಯುತ್ತದೆ. ಎಲ್‌ಇಡಿ ಬೇಕು ಅಂದರೆ ಮೊದಲು ಮ್ಯಾಗ್ನೆಟ್ ಕಾಯಿಲ್‌ನ ಅರ್ಥ್ ಬಿಡಿಸಿ, ಆ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಮಾಡುವ ಫುಲ್ ವೇವ್ ರೆಗ್ಯುಲೇಟರ್ ಹಾಕಿ, ಎಲ್ಲವನ್ನೂ ಬ್ಯಾಟರಿಗೆ ತರಬೇಕು. ಕೆಲಸ ಒಂದು ದಿನದ್ದು. ಲಾಭ ದೊಡ್ಡದು, ಯಾಕೆಂದರೆ ಇಂಡಿಕೇಟರ್, ಹಾರ್ನ್ ಎಲ್ಲವೂ ಜೀವ ಪಡೆಯುತ್ತವೆ.

ಆದರೂ ಹೆಡ್‌ಲೈಟ್‌ಗೆ ನಾನು ಹ್ಯಾಲೋಜನ್ ಬಲ್ಬನ್ನೇ ಉಳಿಸಿಕೊಂಡೆ. ಹಳೆ ಗಾಜು ಮತ್ತು ರಿಫ್ಲೆಕ್ಟರ್ ಬಲ್ಬಿನ ತಂತಿ ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಹಾಕಿದರೆ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆ ಮೇಲೆ ಬೀಳುವುದಿಲ್ಲ. ಹಿಂದಿನ ದೀಪಕ್ಕೆ ಮಾತ್ರ ಎಲ್‌ಇಡಿ ಹಾಕಿದ್ದೇನೆ. ಔಟರ್ ರಿಂಗ್ ರೋಡಿನಲ್ಲಿ ರಾತ್ರಿ ಹಿಂದಿನವರಿಗೆ ನಾವು ಕಾಣಬೇಕು.

ಕಿಡಿಯ ವಿಷಯದಲ್ಲಿ ಆರ್‌ಡಿಯವರಿಗೆ ನನ್ನ ಉತ್ತರ ನೇರ. ಎರಡು ಸೆಟ್ ಪಾಯಿಂಟ್ (ಕಿಡಿ ಹಾರಿಸುವ ಹಳೆ ಥರದ ಸ್ವಿಚ್) ತೆಗೆದು ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿ. ಪಾಯಿಂಟ್ ಸವೆದಂತೆ ಒಂದೊಂದು ಸಿಲಿಂಡರ್‌ನ ಟೈಮಿಂಗ್ (ಕಿಡಿ ಹಾರುವ ಕ್ಷಣ) ಒಂದೊಂದು ಕಡೆ ಹೋಗುತ್ತದೆ. ಟೈಮಿಂಗ್ ಜಾಸ್ತಿ ಮುಂದಾದ ಟೂ ಸ್ಟ್ರೋಕ್ ಪಿಸ್ಟನ್‌ಗೆ ತೂತು ಹೊಡೆಯುತ್ತದೆ. ಪೂರ್ತಿ ಮೂಲ ರೂಪ ಬೇಕು ಅನ್ನುವವರಿಗೂ ಇದೊಂದನ್ನು ಹೇಳುತ್ತೇನೆ. ಮುಚ್ಚಳದ ಒಳಗೆ ಇರುವುದು, ಯಾರಿಗೂ ಕಾಣುವುದಿಲ್ಲ. ಆರ್‌ಎಕ್ಸ್‌ನವರಿಗೆ ಈ ಚಿಂತೆ ಇಲ್ಲ, ಅದರಲ್ಲಿ ಸಿಡಿಐ, ಅಂದರೆ ಎಲೆಕ್ಟ್ರಾನಿಕ್ ಇಗ್ನಿಷನ್, ಮೊದಲೇ ಇದೆ. ನಕಲಿ ಸಿಡಿಐ ಬಗ್ಗೆ ಹುಷಾರಾಗಿದ್ದರೆ ಆಯಿತು.

ಪೆಟ್ರೋಲ್ ಬದಲಾಗಿದೆ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಈಗ ಬಂಕ್‌ಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇದೆ. ಈ ಗಾಡಿಗಳನ್ನು ಮಾಡಿದ ಕಾಲದಲ್ಲಿ ಅದು ಇರಲಿಲ್ಲ. ಇದರಿಂದ ಮೂರು ತೊಂದರೆ. ಎಥನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಬಿರುಕು ಬಿಡಿಸುತ್ತದೆ. ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ. ಮೂರನೆಯದು ಟೂ ಸ್ಟ್ರೋಕ್‌ಗೆ ಅಪಾಯದ್ದು. ಎಥನಾಲ್‌ನಲ್ಲಿ ಆಮ್ಲಜನಕ ಇರುವುದರಿಂದ ಅದೇ ಜೆಟ್‌ನಲ್ಲಿ (ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತು) ಪೆಟ್ರೋಲ್ ಮಿಶ್ರಣ ತೆಳ್ಳಗಾಗುತ್ತದೆ. ತೆಳ್ಳಗಿನ ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಬಿಸಿಯಾದ ಪಿಸ್ಟನ್ ಬ್ಲಾಕ್‌ಗೆ ಕಚ್ಚಿಕೊಳ್ಳುತ್ತದೆ.

ಪೆಟ್ರೋಲ್ ಪೈಪು, ಕಾರ್ಬುರೇಟರ್‌ನ ಓ-ರಿಂಗ್, ಟ್ಯಾಪ್‌ನ ವಾಷರ್ ಎಲ್ಲ ಎಥನಾಲ್ ತಡೆಯುವ ವೈಟಾನ್ ರಬ್ಬರ್‌ನದು ಹಾಕಿಸಿ. ಟ್ಯಾಂಕ್ ಒಳಗೆ ಲೇಪನ ಮಾಡಿಸುವುದಾದರೆ ಎಥನಾಲ್ ತಡೆಯುವಂಥದ್ದೇ ಆಗಬೇಕು, ಇಲ್ಲದಿದ್ದರೆ ಸಿಪ್ಪೆ ಎದ್ದು ಜೆಟ್‌ಗೆ ಕಟ್ಟಿಕೊಳ್ಳುತ್ತದೆ. ಮೇನ್ ಜೆಟ್ ಒಂದೆರಡು ಸೈಜ್ ದೊಡ್ಡದು ಹಾಕಿ, ಪ್ಲಗ್ ನೋಡಿ. ಹುರಿದ ಕಾಫಿ ಪುಡಿಯ ಬಣ್ಣ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ಇನ್ನೂ ತೆಳ್ಳಗಿದೆ, ಓಡಿಸಬೇಡಿ. ಎರಡು ವಾರ ಗಾಡಿ ನಿಲ್ಲಿಸುವುದಿದ್ದರೆ ಟ್ಯಾಪ್ ಮುಚ್ಚಿ ಕಾರ್ಬುರೇಟರ್ ಖಾಲಿ ಮಾಡಿ.

ಬೆಂಗಳೂರಿನವರಿಗೆ ಇನ್ನೊಂದು ಸೂಕ್ಷ್ಮ ಇದೆ. ನಾವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿ ಸ್ವಲ್ಪ ತೆಳು, ಹಾಗಾಗಿ ಮಿಶ್ರಣ ತುಸು ದಪ್ಪ. ಇಲ್ಲಿ ಸರಿಯಾಗಿ ಕೂತ ಜೆಟ್ ಶಿರಾಡಿ ಇಳಿದು ಮಂಗಳೂರಿಗೆ ಹೋದರೆ ತೆಳ್ಳಗಾಗುತ್ತದೆ. ಕರಾವಳಿಗೆ ಹೋಗುವಾಗ ಒಂದು ಸೈಜ್ ದೊಡ್ಡ ಜೆಟ್ ಹಾಕಿಕೊಂಡೇ ಹೊರಡಿ.

ಎಣ್ಣೆಯ ವಿಷಯ. ಆರ್‌ಎಕ್ಸ್, ಆರ್‌ಡಿ ಎರಡಕ್ಕೂ ತಾನೇ ಎಣ್ಣೆ ಹಾಕಿಕೊಳ್ಳುವ ಆಟೋಲ್ಯೂಬ್ ಪಂಪ್ ಇದೆ. ‘ಪಂಪ್ ನಂಬಬೇಡಿ, ತೆಗೆದು ಪೆಟ್ರೋಲ್‌ಗೇ ಬೆರೆಸಿ’ ಅನ್ನುವ ಮೆಕ್ಯಾನಿಕ್‌ಗಳು ಜಾಸ್ತಿ. ನಾನು ಒಪ್ಪುವುದಿಲ್ಲ. ಪೆಟ್ರೋಲ್‌ಗೆ ಬೆರೆಸಿದಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪೆಟ್ರೋಲ್ ಜೊತೆಗೆ ಎಣ್ಣೆಯೂ ನಿಲ್ಲುತ್ತದೆ. ನಂದಿಬೆಟ್ಟ ಇಳಿಯುವಾಗ ಗೇರ್‌ನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಇಲ್ಲ. ಪಂಪ್ ಇದ್ದರೆ ಎಂಜಿನ್ ತಿರುಗುವವರೆಗೆ ಸ್ವಲ್ಪವಾದರೂ ಎಣ್ಣೆ ಹೋಗುತ್ತಿರುತ್ತದೆ. ಪಂಪ್‌ನ ಸೀಲ್ ಬದಲಾಯಿಸಿ, ಪೈಪ್‌ನ ಗಾಳಿಗುಳ್ಳೆ ತೆಗೆದು, ಕೇಬಲ್‌ನ ಗುರುತು ಹೊಂದಿಸಿ ಇಟ್ಟುಕೊಳ್ಳಿ. ಪಂಪ್ ಸಿಗದೇ ಹೋದರೆ ಬೆರೆಸುವುದೇ ದಾರಿ. ಲೀಟರ್‌ಗೆ 25 ಮಿ.ಲೀ. ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ತುಸು ತಿರುವುತ್ತಿರಿ. ಎಣ್ಣೆ ಡಬ್ಬಿಯ ಮೇಲೆ ಜಾಸೋ ಎಫ್‌ಡಿ ಅನ್ನುವ ಗುಣಮಟ್ಟದ ಗುರುತು ಇರುವುದನ್ನು ಕೊಳ್ಳಿ. ಹೊಗೆ ಕಮ್ಮಿ, ಸೈಲೆನ್ಸರ್‌ಗೆ ಮಸಿ ಕಟ್ಟುವುದೂ ಕಮ್ಮಿ. 2000ರ ಮಾರ್ಚ್‌ವರೆಗಿನ ಗಾಡಿಗಳಿಗೆ ಹೊಗೆ ತಪಾಸಣೆಯ ಮಿತಿ ಕಾರ್ಬನ್ ಮೊನಾಕ್ಸೈಡ್ ಶೇ 4.5. ಚೆನ್ನಾಗಿಟ್ಟ ಆರ್‌ಎಕ್ಸ್ ಅದರೊಳಗೆ ಆರಾಮಾಗಿ ಬರುತ್ತದೆ.

ಬೋರ್ ಮಾಡಿಸುವವರ ಕೈ

ನನ್ನ ಎಂಜಿನ್ ಎರಡು ಸಲ ಬಿಚ್ಚಿಸಿದೆ ಅಂದೆನಲ್ಲ. ಮೊದಲ ಸಲ ಬ್ಲಾಕ್ ಕೊಟ್ಟ ಅಂಗಡಿಯಲ್ಲಿ ಹೊಸ ಪಿಸ್ಟನ್ ಅಳೆಯದೆಯೇ ಬೋರ್ ಮಾಡಿಬಿಟ್ಟರು, ಅಂದರೆ ಸಿಲಿಂಡರ್ ಒಳಗೆ ಕೆರೆದು ಅಗಲ ಮಾಡಿಬಿಟ್ಟರು. ‘0.50 ಪಿಸ್ಟನ್, 0.50 ಬೋರ್’ ಅಂದರು, ಅಂದರೆ ಎರಡೂ ಅರ್ಧ ಮಿ.ಮೀ. ದೊಡ್ಡದು. ಪಿಸ್ಟನ್ ಡಬ್ಬಿಯ ಮೇಲೆ ಬರೆದ ಅಳತೆಯೇ ಬೇರೆ, ಪಿಸ್ಟನ್‌ನ ನಿಜ ಅಳತೆಯೇ ಬೇರೆ ಇರಬಹುದು. ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿದ ಮೇಲೆ ಹಿಂದಿನ ಚಕ್ರ ಒಮ್ಮೆಲೇ ಕಚ್ಚಿಕೊಂಡಿತು. ಕ್ಲಚ್ ಹಿಡಿದೆ, ಬೀಳಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್‌ನ ನಾಲ್ಕೂ ಕಡೆ ಗೀರು. ಟೂ ಸ್ಟ್ರೋಕ್ ಓಡಿಸುವಾಗ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರಲಿ ಅಂತ ಚಿಕ್ಕಪ್ಪ ಹೇಳಿದ್ದು ಅವತ್ತು ನನ್ನನ್ನು ಉಳಿಸಿತು.

ಎರಡನೇ ಸಲ ಪಿಸ್ಟನ್ ಮೊದಲು ಕೊಂಡು, ಕೈಯಲ್ಲಿ ಹಿಡಿದುಕೊಂಡು ಹೋದೆ. ನನ್ನೆದುರೇ ಮೈಕ್ರೋಮೀಟರ್ ಹಾಕಿ ಅಳೆದು, ಅದಕ್ಕೆ ತಕ್ಕ ಸಂದು ಬಿಟ್ಟು ಬೋರ್ ಮಾಡಿ, ಹೋನಿಂಗ್ ಮಾಡಿ (ಒಳಮೈ ಉಜ್ಜಿ) ಕೊಟ್ಟರು. ನಿಮ್ಮ ಅಂಗಡಿಯನ್ನು ಆರಿಸುವುದೂ ಹೀಗೇ. ಪಿಸ್ಟನ್ ಅಳೆಯುತ್ತಾರಾ ಅಂತ ಕೇಳಿ. ‘ಬೇಡ ಸಾರ್, ಗೊತ್ತು’ ಅಂದರೆ ಬ್ಲಾಕ್ ಎತ್ತಿಕೊಂಡು ಹೊರಡಿ.

ಜೊತೆಗೆ ಕ್ರ್ಯಾಂಕ್‌ನ ಎರಡೂ ಬದಿಯ ಆಯಿಲ್ ಸೀಲ್ ತಪ್ಪದೇ ಬದಲಾಯಿಸಿ. ವರ್ಷಗಟ್ಟಲೆ ನಿಂತ ಗಾಡಿಯ ಸೀಲ್ ಒಣಗಿರುತ್ತದೆ. ಅಲ್ಲಿಂದ ಗಾಳಿ ಎಳೆದರೆ ಮಿಶ್ರಣ ತೆಳ್ಳಗಾಗಿ ಮತ್ತೆ ಅದೇ ಕಥೆ. ಸಿಗ್ನಲ್‌ನಲ್ಲಿ ಐಡ್ಲಿಂಗ್ ತಾನಾಗಿ ಏರಿ ಇಳಿಯುತ್ತಿದ್ದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಆರ್‌ಎಕ್ಸ್ 135ರ ಬ್ಲಾಕ್ ಹಾಕಿಸಲಾ, ಶಕ್ತಿ ಹೆಚ್ಚಿಸಲು ಪೋರ್ಟ್ (ಸಿಲಿಂಡರ್ ಗೋಡೆಯ ಕಿಂಡಿ) ಕೆರೆಸಲಾ ಅಂತ ಕೇಳುವ ಹುಡುಗರಿಗೆ ನನ್ನ ಉತ್ತರ ಒಂದೇ. ನಿಮ್ಮ ಡ್ರಮ್ 11 ಕುದುರೆಗೆ ಮಾಡಿದ್ದು. ಆರ್‌ಸಿಯಲ್ಲಿ 98 ಸಿಸಿ ಅಂತಿದೆ. ಎಂಜಿನ್ ಒಳಗೆ, ನನ್ನ ಒಂದು ಮಧ್ಯಾಹ್ನದ ಅಳತೆ ಮೀರಿದರೂ, ನಾನು ಒಪ್ಪುವ ಬದಲಾವಣೆ ಐದು ಗೇರ್‌ನ ಸೆಟ್ ಮಾತ್ರ. ಹೆದ್ದಾರಿಯಲ್ಲಿ ಎಂಜಿನ್ ಅಷ್ಟು ಕಿರುಚುವುದಿಲ್ಲ.

ದುಡ್ಡು ಎಲ್ಲಿ ಹೋಗುತ್ತೆ

ನನ್ನ ಗಾಡಿಗೆ ಖರ್ಚಾದ ಪ್ರತಿ 100 ರೂಪಾಯಿಯಲ್ಲಿ ಸುಮಾರು 40 ಎಂಜಿನ್‌ಗೆ, 25 ಚಕ್ರ, ಬ್ರೇಕ್, ಶಾಕ್ ಅಬ್ಸಾರ್ಬರ್‌ಗೆ, 10 ವೈರಿಂಗ್‌ಗೆ, ಉಳಿದ 25 ಬಣ್ಣ ಮತ್ತು ಕ್ರೋಮ್‌ಗೆ. ಮೊದಲ ಸಲ ಬಣ್ಣದಿಂದ ಶುರು ಮಾಡಿದ್ದೆ. ಎಂಜಿನ್ ಮತ್ತೆ ಇಳಿಸಿದಾಗ ಹೊಸ ಬಣ್ಣಕ್ಕೆಲ್ಲ ಗೀರು ಬಿತ್ತು. ಅದಕ್ಕೇ ಬಣ್ಣ ಕೊನೆಗಿರಲಿ. ಚಾಸಿಸ್‌ಗೆ ಪೌಡರ್ ಕೋಟಿಂಗ್ ಮಾಡಿಸುವಾಗ ನಂಬರ್ ಇರುವ ಜಾಗಕ್ಕೆ ಟೇಪ್ ಹಚ್ಚಿಸಿ. ದಪ್ಪ ಬಣ್ಣ ತುಂಬಿಕೊಂಡು ನಂಬರ್ ಕಾಣದೇ ಹೋದರೆ ತಪಾಸಣೆಯಲ್ಲಿ ಕಷ್ಟ.

ಆರ್‌ಡಿಗೆ ಈ ಲೆಕ್ಕ ಹೊಂದುವುದಿಲ್ಲ, ಎಂಜಿನ್ನೇ ಅರ್ಧಕ್ಕಿಂತ ಜಾಸ್ತಿ ತಿನ್ನುತ್ತದೆ. ಸಿಡಿ 100ಕ್ಕೆ ಉಲ್ಟಾ. ಎಂಜಿನ್ ಕೆಲಸ ಅಗ್ಗ, ಕ್ರೋಮ್ ಮತ್ತು ಹಳೆ ತಗಡಿನ ಭಾಗ ಹುಡುಕುವುದಕ್ಕೇ ದುಡ್ಡು.

ಮೊದಲ 500 ಕಿಲೋಮೀಟರ್

ಹೊಸ ಪಿಸ್ಟನ್ ಹಾಕಿದ ಟೂ ಸ್ಟ್ರೋಕ್ ಅನ್ನು ಸಿಲ್ಕ್ ಬೋರ್ಡ್ ಟ್ರಾಫಿಕ್‌ಗೆ ತಗೊಂಡು ಹೋಗಬೇಡಿ. ಗಾಳಿಯಿಂದ ತಣ್ಣಗಾಗುವ ಎಂಜಿನ್ ಅದು, ನಿಂತರೆ ಗಾಳಿ ಇಲ್ಲ. ಬೆಳಿಗ್ಗೆ ಐದೂವರೆಗೆ ಹೊರಡಿ. ಮೈಸೂರು ಕಡೆ ಹೋಗುವುದಾದರೆ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯೇ ಗತಿ, ಹಳೆ ಗಾಡಿಗೆ ಅದೇ ಒಳ್ಳೆಯದು ಕೂಡ. ರಾಮನಗರದವರೆಗೆ ಹೋಗಿ ಬನ್ನಿ. 50 ದಾಟಬೇಡಿ, ಒಂದೇ ವೇಗದಲ್ಲೂ ಹೋಗಬೇಡಿ, ಏರಿಸುತ್ತಾ ಇಳಿಸುತ್ತಾ ಹೋಗಿ. 20 ಕಿಲೋಮೀಟರ್‌ಗೊಮ್ಮೆ ನಿಲ್ಲಿಸಿ ತಣ್ಣಗಾಗಲು ಬಿಡಿ. ಪಂಪ್ ಇದ್ದರೂ ಈ 500 ಕಿಲೋಮೀಟರ್ ಟ್ಯಾಂಕ್‌ಗೆ ಲೀಟರ್‌ಗೆ 10 ಮಿ.ಲೀ. ಎಣ್ಣೆ ಬೇರೆಯಾಗಿ ಹಾಕಿ. ಮುಗಿದ ಮೇಲೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೆಡ್‌ನ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಒಮ್ಮೆ ನೋಡಿ, ಗೇರ್ ಆಯಿಲ್ ಬದಲಾಯಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿಕೊಳ್ಳಿ.